ಶನಿವಾರದ ಯುಗಾದಿ

ಕೊಟ್ಟೂರಿನಲ್ಲಿ ಆಗಸ್ಟ್ ಹದಿನೈದು ಯಾವ ವಾರ ಬರುತ್ತದೆಂದು ತಿಳಿಯಬೇಕಾದವರು ಕ್ಯಾಲೆಂಡರ್ ನೋಡುವ ತೊಂದರೆ ತೆಗೆದುಕೊಳ್ಳಬೇಕಾಗಿರಲಿಲ್ಲ. ಬಜಾರದಲ್ಲಿ ಗುರುಬಸವರಾಜನ ಪಾತ್ರೆ ಅಂಗಡಿಯ ಮುಂದೆ ಹಾದುಹೋದರೆ ಸಾಕಿತ್ತು. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರನ್ನು ಕರೆದು ಕೂರಿಸಿ ಹೇಳುತ್ತಿದ್ದ.

ಅವನ ವಿದ್ಯೆಯೇನೂ ದೊಡ್ಡದಲ್ಲ. ಯಾವ ತಾರೀಖೇ ಆಗಲಿ, ವರ್ಷ ತಿರುಗಿದರೆ ವಾರದಲ್ಲಿ ಒಂದು ದಿನ ಮುಂದಕ್ಕೆ ಸರಿಯುತ್ತದೆ; ನಡುವೆ ಫೆಬ್ರವರಿ ಇಪ್ಪತ್ತೊಂಬತ್ತು ಬಂದು ಕೂತರೆ ಎರಡು ದಿನ ಸರಿಯುತ್ತದೆ. ಹೋದ ವರ್ಷ ಶುಕ್ರವಾರ ಬಂದಿದ್ದ ಆಗಸ್ಟ್ ಹದಿನೈದು ಈ ವರ್ಷ ಶನಿವಾರ, ಬರುವ ವರ್ಷ ಭಾನುವಾರ. ಇಷ್ಟನ್ನು ಶಾಲೆಯ ಮಕ್ಕಳೂ ಹೇಳಿಯಾವು. ಆದರೆ ಮಕ್ಕಳು ಹೇಳುವುದಕ್ಕೂ ಗುರುಬಸವರಾಜ ಹೇಳುವುದಕ್ಕೂ ಅಜಗಜಾಂತರ. ಅವನು ಮೊದಲು ಕಣ್ಣು ಮುಚ್ಚುತ್ತಿದ್ದ. ತುಟಿ ಅಲ್ಲಾಡಿಸುತ್ತಿದ್ದ. ಎಡಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆರೆ ಹತ್ತಿ ಇಳಿಯುತ್ತಿತ್ತು. ಆಮೇಲೆ ಕಣ್ಣು ತೆರೆದು, ಎಲ್ಲಿಂದಲೋ ಮರಳಿ ಬಂದವನಂತೆ ಸುತ್ತ ನೋಡಿ, 'ಶನಿವಾರ' ಎನ್ನುತ್ತಿದ್ದ. ಕೊಡ ಕೊಳ್ಳಲು ಬಂದವರು ಕೊಡ ಮರೆತು ಕೈಮುಗಿದು ಹೋದದ್ದೂ ಉಂಟು.

ಈ ವಿದ್ಯೆಯಿಂದ ಹೆಚ್ಚು ನೊಂದವನೆಂದರೆ ಪಕ್ಕದ ಮನೆಯ ದುರುಗಣ್ಣ. ಅವನು ಸರ್ಕಾರಿ ಗುಮಾಸ್ತ. ರಜೆಯ ಹಬ್ಬ ಭಾನುವಾರ ಬಿತ್ತೆಂದರೆ ಅವನಿಗೆ ಹತ್ತಿರದವರು ತೀರಿಕೊಂಡಷ್ಟು ದುಃಖ. ಈ ವರ್ಷದ ಶಿವರಾತ್ರಿ ಭಾನುವಾರ ಬಂದಾಗ ಅವನು ಊಟ ಬಿಟ್ಟದ್ದು ಭಕ್ತಿಯಿಂದಲೋ ಸಂಕಟದಿಂದಲೋ ಅವನ ಹೆಂಡತಿಗೂ ತಿಳಿಯಲಿಲ್ಲ. ನವೆಂಬರ್ ಒಂದೂ ಭಾನುವಾರವೇ ಎಂದು ಗುರುಬಸವರಾಜ ಮುಂಚಿತವಾಗಿ ಹೇಳಿಬಿಟ್ಟದ್ದರಿಂದ ದುರುಗಣ್ಣ ಆ ಶೋಕವನ್ನು ಮಾರ್ಚಿನಿಂದಲೇ ಆಚರಿಸತೊಡಗಿದ್ದ.

ಇಂಥ ಗುರುಬಸವರಾಜನಿಗೆ ಒಬ್ಬಳೇ ಮಗಳು, ಗೀತಾಂಜಲಿ. ಹರಪನಹಳ್ಳಿಯಲ್ಲಿ ಬಿ.ಎಡ್. ಓದುವಾಗ ಅವಳಿಗೆ ಚಿಗಟೇರಿಯ ಪ್ರವೀಣಕುಮಾರನ ಪರಿಚಯವಾಗಿತ್ತು. ಓದು ಮುಗಿಯಿತು, ಪರಿಚಯ ಮುಗಿಯಲಿಲ್ಲ. ಎರಡೂ ಮನೆಗೆ ಸುದ್ದಿ ತಲುಪಿ, ಎರಡೂ ಕಡೆಯ ಹೆಂಗಸರು ಒಬ್ಬರನ್ನೊಬ್ಬರು ಮೆಚ್ಚಿ, ಎಲ್ಲವೂ ಕೂಡಿಬಂದು, ಹುಡುಗನ ತಂದೆಯೊಬ್ಬನ ಒಪ್ಪಿಗೆ ಮಾತ್ರ ಬಾಕಿ ಉಳಿದಿತ್ತು.

ಆ ತಂದೆ ಉಜ್ಜಿನಪ್ಪ ಮೆಕ್ಕೆಜೋಳದ ವ್ಯಾಪಾರಿ; ಒಪ್ಪಿಗೆ ಕೊಡುವುದರಲ್ಲಿ ಮಹಾ ಜಿಪುಣ. ಹಿಂದೆ ಒಂದು ಸಂಬಂಧವನ್ನು ಹುಡುಗಿಯ ಸೋದರಮಾವ ಊಟದ ನಡುವೆ ಫೋನಿನಲ್ಲಿ ಮಾತಾಡಿದನೆಂದು ಬಿಟ್ಟಿದ್ದ. ಇನ್ನೊಂದನ್ನು ಅವರ ಮನೆಯ ಗಡಿಯಾರ ಹಿಂದೆ ನಡೆಯುತ್ತಿತ್ತೆಂದು ಬಿಟ್ಟಿದ್ದ. ಅವನಿಗೆ ನಂಬಿಕೆ ಇದ್ದದ್ದು ಅಚ್ಚಾದದ್ದರ ಮೇಲೆ ಮಾತ್ರ. ಬಾಯಿಮಾತು ಗಾಳಿಗೆ ಹೋಗುತ್ತದೆ, ಫೋನಿನಲ್ಲಿರುವುದು ಚಾರ್ಜು ತೀರಿದರೆ ಹೋಗುತ್ತದೆ, ಕಾಗದದ ಮೇಲೆ ಅಚ್ಚಾದದ್ದು ಎಲ್ಲಿಗೂ ಹೋಗುವುದಿಲ್ಲ ಎಂಬುದು ಅವನ ಸಿದ್ಧಾಂತ.

ಫೆಬ್ರವರಿಯಲ್ಲಿ ಹೆಣ್ಣು ನೋಡಲು ಬಂದಾಗ ಉಜ್ಜಿನಪ್ಪನಿಗೆ ಮಂಡಕ್ಕಿ ಮೆಣಸಿನಕಾಯಿ ಹಿಡಿಸಲಿಲ್ಲ, ಮನೆಯ ಬಣ್ಣ ಹಿಡಿಸಲಿಲ್ಲ, ಬೀದಿಯ ಅಗಲ ಹಿಡಿಸಲಿಲ್ಲ. ಎದ್ದು ಹೊರಡುವ ಹೊತ್ತಿಗೆ ಯಾರೋ ಗುರುಬಸವರಾಜನ ವಿದ್ಯೆಯ ಮಾತೆತ್ತಿದರು. ಉಜ್ಜಿನಪ್ಪ ತಾನು ಹುಟ್ಟಿದ ತಾರೀಖು ಹೇಳಿ, ವಾರ ಯಾವುದೆಂದು ಕೇಳಿದ. ಗುರುಬಸವರಾಜ ಕಣ್ಣು ಮುಚ್ಚಿ ಎಣಿಸಿದ, ನಡುವೆ ಎಣಿಕೆ ತಪ್ಪಿತು, ಹಿಂದಕ್ಕೆ ಬಂದು ಮತ್ತೆ ಎಣಿಸಿದ, ಮತ್ತೆ ತಪ್ಪಿತು, ಕೊನೆಗೆ ಶಿವನ ಮೇಲೆ ಭಾರ ಹಾಕಿ 'ಗುರುವಾರ' ಎಂದ. ಅದು ಸರಿಯೋ ತಪ್ಪೋ ಉಜ್ಜಿನಪ್ಪನಿಗೂ ಗೊತ್ತಿರಲಿಲ್ಲ. ಆದರೆ ಗುರುವಾರವೆಂಬುದು ತನ್ನಂಥವನಿಗೆ ತಕ್ಕ ವಾರ ಎನ್ನಿಸಿ ಅವನ ಮುಖ ಮೊದಲ ಸಲ ಅರಳಿತು. ಯುಗಾದಿ ಹೊತ್ತಿಗೆ ತಿಳಿಸುತ್ತೇನೆಂದು ಹೇಳಿ ಹೋದ. ಅಂದಿನಿಂದ ಗೀತಾಂಜಲಿಯ ಮದುವೆ ತನ್ನ ಎಡಗೈ ಬೆರಳುಗಳ ಮೇಲೆ ನಿಂತಿದೆ ಎಂದು ಗುರುಬಸವರಾಜ ತಿಳಿದುಕೊಂಡ.

ಮಾರ್ಚ್ ಮೊದಲ ವಾರ ಯುಗಾದಿಗೆಂದು ಮನೆ ಬಳಿಯುವ ಕೆಲಸ ಶುರುವಾಯಿತು. ಹೆಂಡತಿ ಪುಷ್ಪಲತಾ ಅವನನ್ನು ಅಟ್ಟಕ್ಕೆ ಹತ್ತಿಸಿದಳು. ಅಲ್ಲಿ ಮೂಲೆಯಲ್ಲಿದ್ದ ಒಂದು ಕಟ್ಟು ಜಾರಿ ಅವನ ತಲೆಯ ಮೇಲೆ ಬಿದ್ದು, ದಾರ ಹರಿದು, ಶಿವಪಾರ್ವತಿಯರು ಮನೆತುಂಬ ಹರಡಿಕೊಂಡರು. ಅಂಗಡಿಯ ಹೆಸರು ಅಚ್ಚಾಗಿದ್ದ ಒಂದೇ ಹಾಳೆಯ ಕ್ಯಾಲೆಂಡರುಗಳು ಅವು. ಮೇಲೆ ದೇವರು, ಕೆಳಗೆ ಹನ್ನೆರಡು ತಿಂಗಳು, ಹಬ್ಬಗಳೆಲ್ಲ ಕೆಂಪಗೆ. ಹನ್ನೊಂದು ವರ್ಷದ ಹಿಂದೆ ಶಿವಕಾಶಿಯಿಂದ ತರಿಸಿದ್ದು. ಆ ವರ್ಷ ಪಾರ್ಸೆಲ್ಲು ದಾರಿ ತಪ್ಪಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಕೂಡ್ಲಿಗಿ ಎಲ್ಲ ನೋಡಿಕೊಂಡು ಕೊಟ್ಟೂರಿಗೆ ಬರುವಷ್ಟರಲ್ಲಿ ಮುಂಗಾರು ಬಿತ್ತನೆ ನಡೆದಿತ್ತು. ಆಗ ಕ್ಯಾಲೆಂಡರ್ ಯಾರಿಗೆ ಬೇಕು. ಕಟ್ಟು ಅಟ್ಟ ಸೇರಿತ್ತು.

ಗುರುಬಸವರಾಜ ತಲೆ ಸವರಿಕೊಳ್ಳುತ್ತ ಒಂದು ಹಾಳೆ ಎತ್ತಿ ನೋಡಿದ. ಎರಡು ಸಾವಿರದ ಹದಿನೈದು, ಜನವರಿ ಒಂದು, ಗುರುವಾರ. ಈ ವರ್ಷದ ಜನವರಿ ಒಂದೂ ಗುರುವಾರವೇ. ಅವನ ಮೈ ಝುಂ ಎಂದಿತು. ಸಂಕ್ರಾಂತಿ ನೋಡಿದ: ಹದಿನೈದು, ಗುರುವಾರ. ಸರಿ. ಜನವರಿ ಇಪ್ಪತ್ತಾರು ಸೋಮವಾರ. ಸರಿ. ಆಗಸ್ಟ್ ಹದಿನೈದು ಶನಿವಾರ, ಗಾಂಧಿ ಜಯಂತಿ ಶುಕ್ರವಾರ, ಎಲ್ಲ ಸರಿ. ಅವನು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು ಕ್ಯಾಲೆಂಡರ್ ಪಾಸಾಯಿತು. ಪಾಸಾಗುವ ಪ್ರಶ್ನೆಗಳನ್ನೇ ಆರಿಸಿ ಕೇಳಿದ್ದೇನೆಂದು ಪರೀಕ್ಷಕನಿಗೆ ಹೊಳೆಯಲಿಲ್ಲ. ಶಿವರಾತ್ರಿಯನ್ನು ಅವನು ನೋಡಲೇ ಇಲ್ಲ. ಮುಗಿದ ಹಬ್ಬ ಯಾರಿಗೆ ಬೇಕು.

ಈ ವರ್ಷ ಅವನು ಅಂಗಡಿಯ ಕ್ಯಾಲೆಂಡರ್ ಮಾಡಿಸುವುದನ್ನೇ ಮರೆತಿದ್ದ. ವಾರದ ಪಂಡಿತನ ಅಂಗಡಿಯಲ್ಲೇ ಕ್ಯಾಲೆಂಡರಿಲ್ಲವೆಂದು ಜನ ಎರಡು ತಿಂಗಳಿಂದ ಕುಟುಕುತ್ತಿದ್ದರು. ಈಗ ಅಟ್ಟವೇ ಒಲಿದು ಬಂದಿತ್ತು. ಮರುದಿನವೇ ಪ್ರೆಸ್ಸಿಗೆ ಹೋಗಿ '2026' ಎಂದು ಬಂಗಾರದ ಬಣ್ಣದ ಚೀಟಿಗಳನ್ನು ಹಾಕಿಸಿಕೊಂಡು ಬಂದು, ಮನೆಮಂದಿಯನ್ನೆಲ್ಲ ಕೂರಿಸಿ ಹಳೆಯ ವರ್ಷದ ಮೇಲೆ ಅಂಟಿಸಲು ಹಚ್ಚಿದ. ಗೀತಾಂಜಲಿ ಎರಡು ಹಾಳೆಗೆ ಅಂಟಿಸಿ ಮೂರನೆಯದಕ್ಕೆ ಕೈ ತಡೆದಳು.

"ಅಪ್ಪಾಜಿ, ವಾರ ಕೂಡ್ತಾವ, ಹಬ್ಬ ಕೂಡಂಗಿಲ್ಲ. ಹಬ್ಬಕ್ಕ ಚಂದ್ರನ ಲೆಕ್ಕ ಬ್ಯಾರೆ ಐತಿ."

"ಚಂದ್ರ ಏನು ಬ್ಯಾರೆ ಊರಾಗ ಅದಾನೇನವ್ವ," ಎಂದು ಗುರುಬಸವರಾಜ ನಕ್ಕ. "ವಾರ ಅವ, ತಾರೀಖು ಅವ. ಹಬ್ಬ ಎಲ್ಲಿಗೆ ಹೋಗ್ತಾವ?"

ಗೀತಾಂಜಲಿ ಮೂರನೆಯ ಹಾಳೆಗೂ ಚೀಟಿ ಅಂಟಿಸಿದಳು. ಬಿ.ಎಡ್. ಮಾಡಿದವಳಾದ್ದರಿಂದ ಎಂಥ ವಿದ್ಯಾರ್ಥಿಗೆ ಯಾವಾಗ ಪಾಠ ಹತ್ತುತ್ತದೆಂದು ಅವಳಿಗೆ ತಿಳಿದಿತ್ತು.

ಮೊದಲ ಕ್ಯಾಲೆಂಡರ್ ಚಿಗಟೇರಿಗೆ ಹೋಯಿತು. ಗುರುಬಸವರಾಜ ಬೈಕಿನ ಮೇಲೆ ಸ್ವತಃ ಒಯ್ದು ಕೊಟ್ಟ. ಉಜ್ಜಿನಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಬೆರಳಿಟ್ಟು ಓದಿದ. ಹಾಳೆ ದಪ್ಪಗಿದೆ ಎಂದ. ಈಗಿನವರು ಇಂಥ ಕಾಗದ ಹಾಕುವುದಿಲ್ಲ ಎಂದ. ಆ ಮಾತು ಅಕ್ಷರಶಃ ನಿಜವಾಗಿತ್ತು. ಆಮೇಲೆ ಮಾರ್ಚ್ ತಿಂಗಳಿಗೆ ಬಂದು, ಕೆಂಪಗಿದ್ದ ಇಪ್ಪತ್ತೊಂದರ ಮೇಲೆ ಬೆರಳು ನಿಲ್ಲಿಸಿ, ಯುಗಾದಿ ಶನಿವಾರ ಬಂದಿದೆ, ಅವತ್ತೇ ನಿಮ್ಮ ಮನೆಗೆ ಊಟಕ್ಕೆ ಬರುತ್ತೇವೆ, ಹೊಸ ವರ್ಷದ ಮೊದಲ ದಿನ ಹೋಳಿಗೆ ಉಂಡು ಮಾತು ಮುಗಿಸೋಣ ಎಂದ. ಎಂದವನೇ ಸುತ್ತಿಗೆ ತರಿಸಿ ಪಡಸಾಲೆಯ ನಡುಗೋಡೆಗೆ ತಾನೇ ಮೊಳೆ ಹೊಡೆದ. ಗುರುಬಸವರಾಜ ದಾರಿಯುದ್ದಕ್ಕೂ ಬೈಕಿನ ಮೇಲೆ ಹಾಡಿಕೊಂಡು ಬಂದ. ಅವನ ದನಿ ಅಂಥ ಚೆನ್ನಾಗಿಲ್ಲ.

ಊರಲ್ಲೂ ಕ್ಯಾಲೆಂಡರ್ ಹಂಚಿದ್ದಾಯಿತು. ಎಲ್ಲ ಕೈಬಿಟ್ಟು ಹೋದ ಮೇಲೆ ಒಂದು ಮಧ್ಯಾಹ್ನ ಪಕ್ಕದ ಬಳೆ ಅಂಗಡಿಯ, ಇವನ ಓಣಿಯವನೇ ಆದ ದಾದಾಪೀರ್ ಬಂದು ಬಾಗಿಲಲ್ಲಿ ನಿಂತ. ರಂಜಾನ್ ತಿಂಗಳು ನಡೆದಿತ್ತು, ಅವನು ಉಪವಾಸದಲ್ಲಿದ್ದ, ತುಟಿ ಒಣಗಿದ್ದವು. ಕೈಯಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರಿತ್ತು. ಬಹಳ ಮರ್ಯಾದೆಯ ಮನುಷ್ಯ, ಹೇಗೆ ಹೇಳಬೇಕೆಂದು ಒಂದಷ್ಟು ಹೊತ್ತು ಒದ್ದಾಡಿದ.

"ಗುರಣ್ಣ, ಬ್ಯಾಸರ ಮಾಡ್ಕಬ್ಯಾಡ. ನಿನ್ನ ಕ್ಯಾಲೆಂಡರಿನಾಗ ನಮ್ಮ ರಂಜಾನ್ ಹಬ್ಬ ಜುಲೈನಾಗ ಐತಿ. ನಾ ಇನ್ನ ನಾಕು ತಿಂಗಳು ರೋಜಾ ಇರಬೇಕೇನು?"

ಗುರುಬಸವರಾಜ ಮೊದಲು ಪ್ರೆಸ್ಸಿನವರ ತಪ್ಪೆಂದ. ಆಮೇಲೆ ಹಬ್ಬ ಒಂದೊಂದು ಊರಲ್ಲಿ ಒಂದೊಂದು ದಿನ ಬರುತ್ತದೆಂದ. ನಾಲ್ಕು ತಿಂಗಳು ವ್ಯತ್ಯಾಸ ಬರುವ ಊರು ಯಾವುದೆಂದು ದಾದಾಪೀರ್ ಮೆಲ್ಲಗೆ ಕೇಳಿದ. ಅಷ್ಟರಲ್ಲಿ ದುರುಗಣ್ಣ ಕಚೇರಿಯಿಂದ ಕುಣಿಯುತ್ತ ಬಂದ. ಅವನ ಕೈಯಲ್ಲಿ ಸರ್ಕಾರದ ರಜೆ ಪಟ್ಟಿ ಇತ್ತು. ಹತ್ತೊಂಬತ್ತು ಗುರುವಾರ ಯುಗಾದಿ, ಇಪ್ಪತ್ತೊಂದು ಶನಿವಾರ ರಂಜಾನ್, ನಡುವಿನ ಶುಕ್ರವಾರ ಒಂದು ರಜೆ ಬರೆದುಕೊಟ್ಟರೆ ಭಾನುವಾರ ಸೇರಿ ಒಂದೇ ಉದ್ದದ ಸುಖ. ಭಾನುವಾರಗಳು ತನ್ನಿಂದ ಕಿತ್ತುಕೊಂಡದ್ದನ್ನೆಲ್ಲ ದೇವರು ಒಮ್ಮೆಗೇ ಹಿಂದಿರುಗಿಸಿದ್ದಾನೆಂದು ಅವನ ಕಣ್ಣಲ್ಲಿ ನೀರಾಡುತ್ತಿತ್ತು.

ಗುರುವಾರ ಎಂಬ ಶಬ್ದ ಕೇಳಿ ಗುರುಬಸವರಾಜ ಬೋರಲು ಹಾಕಿದ್ದ ಹಂಡೆಯ ಮೇಲೆ ಕುಸಿದು ಕೂತ. ಹಂಡೆ ಗಂಟೆಯ ಹಾಗೆ ಸದ್ದು ಮಾಡಿತು.

ಮನೆಯಲ್ಲಿ ಪುಷ್ಪಲತಾ ಎಲ್ಲ ಕೇಳಿ, ಬೈಯದೆ, ಬೈಕಿನ ಕೀಲಿ ತಂದು ಅವನ ಕೈಗಿಟ್ಟಳು. ಈಗಲೇ ಚಿಗಟೇರಿಗೆ ಹೋಗಿ ಇದ್ದದ್ದು ಇದ್ದಂಗೆ ಹೇಳಿ ಬರ್ರಿ, ಗಡಿಯಾರ ಹಿಂದಿದ್ದಕ್ಕೇ ಸಂಬಂಧ ಬಿಟ್ಟ ಮನುಷ್ಯ, ಹನ್ನೊಂದು ವರ್ಷ ಹಿಂದಿದ್ದದ್ದು ತಾನಾಗಿ ಗೊತ್ತಾದರೆ ಏನು ಮಾಡಿಯಾನು ಎಂದಳು. ಗೀತಾಂಜಲಿ ಬಾಗಿಲವರೆಗೆ ಬಂದು ಹೆಲ್ಮೆಟ್ ಕೊಟ್ಟಳು. ಮಗಳ ಬಾಳನ್ನು ಒಂದು ಅಂಟು ಚೀಟಿಯ ಕೆಳಗೆ ಇಟ್ಟೆನಲ್ಲ ಎಂದು ಅವನಿಗೆ ಆಗ ನಿಜವಾಗಿ ದುಃಖವಾಯಿತು.

ಚಿಗಟೇರಿಯ ಬಸ್ ನಿಲ್ದಾಣದ ಹೋಟೆಲಿನ ಮುಂದೆ ದೊಡ್ಡ ಗುಂಪು ಸೇರಿತ್ತು. ನಡುವೆ ಉಜ್ಜಿನಪ್ಪ, ಕೈಯಲ್ಲಿ ಗೋಡೆಯಿಂದ ಬಿಚ್ಚಿ ತಂದ ಕ್ಯಾಲೆಂಡರ್. ಊರಿನವರೆಲ್ಲ ಯುಗಾದಿ ಗುರುವಾರ ಎನ್ನುತ್ತಿದ್ದರು, ಅವನೊಬ್ಬ ಶನಿವಾರ ಎನ್ನುತ್ತಿದ್ದ. ಟಿವಿಯಲ್ಲಿ ಹೇಳಿದರು ಎಂದವರಿಗೆ ಟಿವಿಯವರು ಮಳೆಯನ್ನೂ ಹೇಳುತ್ತಾರೆ, ಬರುತ್ತದೇನು ಎಂದು ಕೇಳಿದ. ಪಂಚಾಂಗ ತಂದವರಿಗೆ ಇಷ್ಟು ತೆಳು ಹಾಳೆಯ ಪುಸ್ತಕವನ್ನು ಯಾರು ನಂಬುತ್ತಾರೆ ಎಂದ. ಗುರುಬಸವರಾಜನ ಬೈಕ್ ಕಂಡದ್ದೇ ತಡ, ಗುಂಪು ಸರಿಸಿ ಅವನನ್ನು ಕೈಹಿಡಿದು ನಡುವೆ ನಿಲ್ಲಿಸಿದ. ಲೆಕ್ಕ ಗೊತ್ತಿದ್ದವರು ಬಂದಿದ್ದಾರೆ, ಇವರ ಬಾಯಿಂದಲೇ ಕೇಳ್ರಿ ಎಂದ.

ಊರೆಲ್ಲ ಗುರುಬಸವರಾಜನ ಬಾಯಿ ನೋಡಿತು. ಆ ಬಾಯಿ ಕೊಟ್ಟೂರಿನಿಂದ ದಾರಿಯುದ್ದಕ್ಕೂ 'ತಪ್ಪಾತು ಯಜಮಾನ್ರ' ಎಂಬ ಮಾತನ್ನು ಅಭ್ಯಾಸ ಮಾಡಿಕೊಂಡು ಬಂದಿತ್ತು. ಈಗ ಅದನ್ನು ಹೇಳಿದರೆ ಉಜ್ಜಿನಪ್ಪನ ಮಾನ ನಡುಬೀದಿಯಲ್ಲಿ ಹೋಗುತ್ತದೆ, ಮಾನ ಹೋದವನು ಹೆಣ್ಣು ತರುತ್ತಾನೆಯೇ? ಗುರುಬಸವರಾಜ ಕಣ್ಣು ಮುಚ್ಚಿದ. ಹೆಬ್ಬೆರಳು ತಾನಾಗಿ ಗೆರೆ ಹತ್ತಿ ಇಳಿಯಿತು.

"ಅಚ್ಚಾಗಿದ್ದು ಅಚ್ಚಾಗೇತಲ್ರಿ," ಎಂದ.

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಉಜ್ಜಿನಪ್ಪ ಗೆದ್ದವನಂತೆ ಅವನಿಗೆ ಚಹಾ ಕುಡಿಸಿ, ಈ ಸಲ ಊರೆಲ್ಲ ತಪ್ಪು ದಿನ ಹಬ್ಬ ಮಾಡಲಿ, ತನ್ನ ಮನೆಯಲ್ಲಿ ಮಾತ್ರ ಒಲೆಯ ಮೇಲೆ ಬೇಳೆ ಏರುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಸಾರಿ ಕಳುಹಿಸಿದ. ಗುರುಬಸವರಾಜ ಮನೆಗೆ ಬಂದು ಹೆಲ್ಮೆಟ್ ತೆಗೆಯದೆ ಮೂಲೆಯಲ್ಲಿ ಕೂತ. ಪುಷ್ಪಲತಾ ಅದರೊಳಗೆ ಬಗ್ಗಿ ಅವನ ಮುಖ ನೋಡಿ, ಏನಾಯಿತೆಂದು ಕೇಳುವ ಅಗತ್ಯವಿಲ್ಲವೆಂದು ಅಡುಗೆಮನೆಗೆ ಹೋದಳು.

ಉಳಿದದ್ದು ಒಂದೇ ದಾರಿ. ಗುರುವಾರ ಜಗತ್ತಿನ ಯುಗಾದಿ, ಶನಿವಾರ ಬೀಗರ ಯುಗಾದಿ. ಮನೆಯವರೆಲ್ಲರಿಗೂ ಬಾಯಿಪಾಠ ಮಾಡಿಸಿದ್ದಾಯಿತು: ಶನಿವಾರ ಬಂದವರ ಮುಂದೆ ಗುರುವಾರದ ಸುದ್ದಿ ಎತ್ತಬಾರದು. ಪುಷ್ಪಲತಾ ಎರಡು ಸಲ ಕಡಲೆಬೇಳೆ ನೆನೆಹಾಕುವ ಲೆಕ್ಕ ಹಾಕಿದಳು. ದುರುಗಣ್ಣ ತನ್ನ ಬಾಗಿಲಿಗೂ ಶನಿವಾರ ಹಸಿ ಮಾವಿನ ತೋರಣ ಕಟ್ಟುತ್ತೇನೆಂದು ಮಾತು ಕೊಟ್ಟ. ರಜೆಯ ಸುಖದಲ್ಲಿದ್ದವನು ಆಗ ಏನು ಕೇಳಿದರೂ ಕೊಡುತ್ತಿದ್ದ. ಗುರುಬಸವರಾಜನ ತಾಯಿ ನಾಗಲಿಂಗಮ್ಮನಿಗೆ ಮಾತ್ರ ವಿಷಯ ಎಷ್ಟು ಹತ್ತಿತೋ ಯಾರಿಗೂ ತಿಳಿಯಲಿಲ್ಲ. ಎರಡು ದಿನ ಹೋಳಿಗೆ ಎಂಬುದಷ್ಟೇ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಚಲೋ ಆತು ಬಿಡು ಅಂದಳು.

ಗುರುವಾರ ಎಣ್ಣೆನೀರು, ಬೇವುಬೆಲ್ಲ, ಹೋಳಿಗೆ ಎಲ್ಲ ಆಯಿತು. ಗುರುಬಸವರಾಜನಿಗೆ ಬೇವಷ್ಟೇ ನಾಲಿಗೆಗೆ ಹತ್ತಿತು. ಶುಕ್ರವಾರ ಸಂಜೆ ಓಣಿಯವರೆಲ್ಲ ಮಾಳಿಗೆ ಹತ್ತಿದರು. ಇವರು ಯುಗಾದಿಯ ಚಂದ್ರನನ್ನು ಹುಡುಕುತ್ತಿದ್ದರು, ಪಕ್ಕದ ಮಾಳಿಗೆಯಲ್ಲಿ ದಾದಾಪೀರನ ಮನೆಯವರು ರಂಜಾನಿನ ಚಂದ್ರನನ್ನು. ಚಂದ್ರ ಇಬ್ಬರಿಗೂ ಸೇರಿ ಒಬ್ಬನೇ ಬಂದ, ಉಗುರಿನಷ್ಟು. ಎರಡೂ ಮಾಳಿಗೆಯಲ್ಲಿ ಏಕಕಾಲಕ್ಕೆ ಕೈ ಮೇಲೆದ್ದವು. ದಾದಾಪೀರನ ಮಕ್ಕಳು ಕುಣಿದಾಡಿದರು. ನಾಗಲಿಂಗಮ್ಮ ಚಂದ್ರನಿಗೆ ಸೆರಗು ಒಡ್ಡಿ, ಮೊಮ್ಮಗಳ ಮದುವೆ ಆಗಲಿ ಎಂದು ಬೇಡಿಕೊಂಡಳು. ಆ ಚಂದ್ರ ಮೋಡದ ಹಿಂದೆ ಹೋಗಿ ಎರಡು ದಿನ ಕೂತಿದ್ದರೆ ಚೆನ್ನಾಗಿತ್ತೆಂದು ಬೇಡಿಕೊಂಡವನು ಗುರುಬಸವರಾಜ ಒಬ್ಬನೇ.

ಚಿಗಟೇರಿಯ ಸುದ್ದಿ ಗೀತಾಂಜಲಿಯ ಫೋನಿಗೆ ಬರುತ್ತಿತ್ತು. ಗುರುವಾರ ಊರೆಲ್ಲ ತುಪ್ಪದ ವಾಸನೆ ಹಬ್ಬಿದಾಗ ಉಜ್ಜಿನಪ್ಪ ಕಿಟಕಿ ಮುಚ್ಚಿಸಿ ರೊಟ್ಟಿ ಚಟ್ನಿ ಉಂಡನಂತೆ. ಶುಕ್ರವಾರ ಸಂಜೆ ಊರವರು ಚಂದ್ರನನ್ನು ತೋರಿಸಲು ಕರೆದರೆ ಅವನು ಬೆನ್ನು ತಿರುಗಿಸಿ ನಿಂತು, ನಾಳೆ ಯುಗಾದಿ, ಇವತ್ತು ಚಂದ್ರ ಬಂದದ್ದು ಅವನದೇ ತಪ್ಪು ಎಂದನಂತೆ. ಇದನ್ನು ಹೇಳುತ್ತ ಗೀತಾಂಜಲಿ ನಗು ತಡೆಯಲು ಹೋಗಿ ಕೆಮ್ಮಿದಳು. ಗುರುಬಸವರಾಜನಿಗೆ ನಗು ಬರಲಿಲ್ಲ. ತನ್ನಿಂದಾಗಿ ಒಬ್ಬ ಮನುಷ್ಯ ಚಂದ್ರನನ್ನೇ ಎದುರುಹಾಕಿಕೊಂಡಿದ್ದಾನೆ.

ಶನಿವಾರ ಬೆಳಿಗ್ಗೆ ಚಿಗಟೇರಿಯಿಂದ ಒಂದು ಕ್ರೂಸರ್ ತುಂಬ ಜನ ಬಂದಿಳಿದರು. ಉಜ್ಜಿನಪ್ಪ ಓಣಿಗೆ ಕಾಲಿಟ್ಟವನೇ ನಿಂತುಬಿಟ್ಟ. ಮಕ್ಕಳಿಂದ ಮುದುಕರವರೆಗೆ ಓಣಿಯಲ್ಲಿ ಅರ್ಧ ಜನ ಹೊಸ ಬಟ್ಟೆ ತೊಟ್ಟಿದ್ದಾರೆ. ಗಮಗಮ ಅತ್ತರು. ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದಾರೆ. ಈಚೆ ದುರುಗಣ್ಣನ ಬಾಗಿಲಲ್ಲಿ ಹಸಿ ತೋರಣ. ಉಜ್ಜಿನಪ್ಪ ತನ್ನ ಮಂದಿಯ ಕಡೆ ತಿರುಗಿ ಎದೆಯುಬ್ಬಿಸಿದ.

"ನೋಡ್ರಿ, ಊರಂದ್ರ ಇದು. ಇಡೀ ಓಣಿ ಇವತ್ತ ಹಬ್ಬ ಮಾಡಾಕತ್ತೇತಿ."

ನಮಾಜು ಮುಗಿಸಿ ಬರುತ್ತಿದ್ದ ದಾದಾಪೀರ್ ಎದುರಾದ. ಉಜ್ಜಿನಪ್ಪ ಅವನನ್ನು ಬಿಗಿದಪ್ಪಿ ಹಬ್ಬದ ಶುಭಾಶಯ ಎಂದ. ದಾದಾಪೀರನೂ ಮನಸಾರೆ ಹಬ್ಬದ ಶುಭಾಶಯ ಎಂದ. ಇಬ್ಬರೂ ತಮ್ಮ ತಮ್ಮ ಹಬ್ಬವನ್ನೇ ಹೇಳಿದ್ದರು, ಯಾರ ಮಾತೂ ಸುಳ್ಳಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗುರುಬಸವರಾಜನಿಗೆ ದೇವರಿದ್ದಾನೆ ಎನ್ನಿಸಿತು. ಕೆಂಪು ಅಕ್ಷರದ ಶನಿವಾರ ಕೆಂಪಾಗಿಯೇ ಬಂದಿತ್ತು, ಹಬ್ಬ ಮಾತ್ರ ಬೇರೆ.

ಊಟಕ್ಕೆ ಕೂತರು. ಉಜ್ಜಿನಪ್ಪ ಹೋಳಿಗೆಗೆ ಕೈಹಾಕಿದ ರೀತಿ ನೋಡಿದರೆ ಎರಡು ದಿನದ ರೊಟ್ಟಿಯ ಸೇಡು ಕಾಣುತ್ತಿತ್ತು. ಪಕ್ಕದಲ್ಲಿ ಅವನ ಹೆಂಡತಿ ಶಾಂತಕುಮಾರಿ, ಆಚೆ ಪ್ರವೀಣಕುಮಾರ್, ಎದುರಿಗೆ ನಾಗಲಿಂಗಮ್ಮ. ಗುರುಬಸವರಾಜ ತಾನೇ ತುಪ್ಪದ ಗಿಂಡಿ ಹಿಡಿದು ಬಡಿಸುತ್ತಿದ್ದ. ಎಲ್ಲ ಸಾಂಗವಾಗಿ ನಡೆದಿತ್ತು. ಮೂರನೆಯ ಹೋಳಿಗೆಯ ಹೊತ್ತಿಗೆ ಉಜ್ಜಿನಪ್ಪ ಹುಡುಗಿ ನಮ್ಮ ಮನೆಗೆ ಒಪ್ಪುತ್ತಾಳೆ ಎಂದು ಮಾತು ಶುರುಮಾಡಿದ. ಪುಷ್ಪಲತಾ ಅಡುಗೆಮನೆಯ ಬಾಗಿಲಲ್ಲಿ ಕೈಜೋಡಿಸಿದಳು. ಆಗ ನಾಗಲಿಂಗಮ್ಮ ಹೋಳಿಗೆಯ ಒಂದು ತುಣುಕು ಬಾಯಲ್ಲಿ ಹೊರಳಿಸುತ್ತ ಬೀಗರಿಗೆ ಉಪಚಾರದ ಮಾತು ಹೇಳಿದಳು.

"ಸಾವಕಾಶ ಉಣ್ರಿ ಯಪ್ಪ. ಮೊನ್ನಿ ಉಗಾದಿಗೆ ಮಾಡಿದ್ದು ಇದಕಿಂತ ಮೆತ್ತಗಿದ್ವು."

ಉಜ್ಜಿನಪ್ಪನ ಕೈ ಎಲೆಯ ಮೇಲೆ ನಿಂತಿತು. ಗುರುಬಸವರಾಜ ಗಡಬಡಿಸಿ, ಅವ್ವನಿಗೆ ವಯಸ್ಸಾಗಿದೆ, ಹೋದ ವರ್ಷದ ಯುಗಾದಿಯ ಮಾತು ಹೇಳುತ್ತಿದ್ದಾಳೆ ಎಂದ. ನಾಗಲಿಂಗಮ್ಮನಿಗೆ ಇದು ಮಾತ್ರ ಚೆನ್ನಾಗಿ ಕೇಳಿಸಿತು. ವಯಸ್ಸಿನ ಮಾತು ಅವಳಿಗೆ ಸೇರುತ್ತಿರಲಿಲ್ಲ.

"ಹೋದ ವರ್ಷ ನನಗ ಈ ಕಟ್ಟಿಸಿದ ಹಲ್ಲು ಎಲ್ಲಿದ್ವೋ ಗುರು? ಹೋಳಿಗಿ ಮೂಸಿ ನೋಡಿ ಬಿಟ್ಟೀನಿ. ಮೊನ್ನಿ ಗುರುವಾರದ್ದ ಹೇಳಾಕತ್ತೀನಿ ನಾನು."

ಇನ್ನು ಉಳಿದದ್ದೇನು? ಗುರುಬಸವರಾಜ ಗಿಂಡಿ ಕೆಳಗಿಟ್ಟ. ಈ ಸಲ ಕಣ್ಣು ಮುಚ್ಚಲಿಲ್ಲ, ಬೆರಳು ಎಣಿಸಲಿಲ್ಲ.

"ತಪ್ಪಾತು ಯಜಮಾನ್ರ. ಕ್ಯಾಲೆಂಡ್ರು ಹನ್ನೊಂದು ವರ್ಷದ ಹಳೇದು. ಮ್ಯಾಲೆ ಚೀಟಿ ಅಂಟಿಸಿ ಕೊಟ್ಟೆ. ನೀವು ಹುಟ್ಟಿದ ವಾರನೂ ಅಂದಾಜು ಮ್ಯಾಲೆ ಹೇಳಿದ್ದು. ನನ್ನ ಬೇಕಾದಂಗ ಬೈರಿ. ಮಗಳು ಮೊದಲ ಹೇಳಿದ್ಲು, ನಾ ಕೇಳ್ಲಿಲ್ಲ. ಆಕಿಗೆ ನನ್ನ ತಪ್ಪು ಹಚ್ಚಬ್ಯಾಡ್ರಿ."

ಎಲ್ಲರೂ ಉಜ್ಜಿನಪ್ಪ ಏಳುವುದನ್ನು ಕಾಯುತ್ತಿದ್ದರು. ಅವನು ಏಳಲಿಲ್ಲ. ಎಲೆಯಲ್ಲಿದ್ದ ಹೋಳಿಗೆಯನ್ನು ಪೂರ್ತಿ ಮುಗಿಸಿ, ಎಡಗೈಯಿಂದ ಪಕ್ಕದ ಚೀಲ ಎಳೆದುಕೊಂಡು, ಅದರೊಳಗಿಂದ ಸುರುಳಿ ಸುತ್ತಿದ ಕ್ಯಾಲೆಂಡರ್ ತೆಗೆದು ಬಿಡಿಸಿದ. ಚಿಗಟೇರಿಯ ಮಾರ್ಚ್ ಬಿಸಿಲಿಗೆ ಬಂಗಾರದ ಚೀಟಿ ಹಪ್ಪಳದ ಹಾಗೆ ಸುರುಟಿಕೊಂಡು ಒಂದು ಮೂಲೆಯಲ್ಲಿ ನೇತಾಡುತ್ತಿತ್ತು. ಕೆಳಗೆ 2015 ಎಂದು ದಪ್ಪಗೆ, ಅಚ್ಚುಕಟ್ಟಾಗಿ ಅಚ್ಚಾಗಿತ್ತು.

ಅವನು ಶುಕ್ರವಾರ ಸಂಜೆಯೇ ಅದನ್ನು ನೋಡಿದ್ದ. ಚಂದ್ರನಿಗೆ ಬೆನ್ನು ಮಾಡಿ ಒಳಗೆ ಬಂದವನು ಕ್ಯಾಲೆಂಡರಿನ ಮುಂದೆ ನಿಂತು ತನಗೇ ಸಮಾಧಾನ ಹೇಳಿಕೊಳ್ಳುವಾಗ ಚೀಟಿ ಕಣ್ಣೆದುರೇ ಸುರುಟಿತ್ತು. ಸಿಟ್ಟು ಬಂತು. ಆದರೆ ಊರೆಲ್ಲರ ಜೊತೆ ಜಗಳಾಡಿ ಆಗಿತ್ತು, ಹೋಳಿಗೆ ಬಿಟ್ಟು ಆಗಿತ್ತು, ಚಂದ್ರನ ತಪ್ಪನ್ನೂ ಎತ್ತಿ ಆಡಿ ಆಗಿತ್ತು. ಈಗ ಶನಿವಾರದ ಯುಗಾದಿಗೆ ಹೊರಡದೆ ಮನೆಯಲ್ಲಿ ಕೂತರೆ ಚಿಗಟೇರಿ ನಗುತ್ತದೆ. ಹಾಗಾಗಿ ಮನೆಯವರಿಗೂ ಹೇಳದೆ, ಕ್ಯಾಲೆಂಡರ್ ಚೀಲದಲ್ಲಿ ಬಚ್ಚಿಟ್ಟುಕೊಂಡು ಬಂದಿದ್ದ. ಓಣಿಯಲ್ಲಿ ತನ್ನ ಮಂದಿಯ ಮುಂದೆ ಎದೆಯುಬ್ಬಿಸಿದ್ದೂ ಆ ಮಾನಕ್ಕಾಗಿಯೇ.

"ಪಾಪ, ನಿಮ್ಮನ್ಯಾಗ ಎಲ್ರೂ ಎರಡು ದಿನ ಉಪಾಸ," ಎಂದಳು ಪುಷ್ಪಲತಾ ಬಾಗಿಲಿನಿಂದ.

ಶಾಂತಕುಮಾರಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಾವೆಲ್ಲ ಹಿತ್ತಲಬಾಗಿಲಿಂದ ನಮ್ಮ ನಾದಿನಿ ಮನಿಗೆ ಹೋಗಿ ಗುರುವಾರನ ಉಂಡು ಬಂದೀವ್ರಿ," ಎಂದಳು. "ಉಪಾಸ ಇದ್ದೋರು ಇವ್ರೊಬ್ರ."

ಈ ಸುದ್ದಿ ಉಜ್ಜಿನಪ್ಪನಿಗೆ ಹೊಸದು. ಅವನು ಹೆಂಡತಿಯನ್ನು ನೋಡಿದ, ಮಗನನ್ನು ನೋಡಿದ, ಕ್ರೂಸರಿನಲ್ಲಿ ಬಂದ ಅಷ್ಟೂ ಮಂದಿಯನ್ನು ನೋಡಿದ. ಎಲ್ಲರೂ ತಮ್ಮ ತಮ್ಮ ಎಲೆ ನೋಡುತ್ತಿದ್ದರು. ಹೊರಗೆ ಹಬ್ಬದ ಗದ್ದಲ ಜೋರಾಗಿತ್ತು. ದಾದಾಪೀರ್ ಹಾಲು ಶಾವಿಗೆಯ ಸುರಕುಂಬಾ ತುಂಬಿದ ಪಾತ್ರೆ ಹಿಡಿದು ಬಾಗಿಲಿಗೆ ಬಂದವನು ಎಲ್ಲರೂ ತಲೆ ತಗ್ಗಿಸಿ ಕೂತದ್ದು ಕಂಡು ಅಲ್ಲೇ ನಿಂತ. ಉಜ್ಜಿನಪ್ಪ ಅವನನ್ನೂ ಒಳಗೆ ಕರೆದು ಕೂರಿಸಿ, ಬಾಗಿಲು ಹಾಕಲು ಹೇಳಿದ. ಗುರುಬಸವರಾಜ ಅಗುಳಿ ಹಾಕಿದ.

ಉಜ್ಜಿನಪ್ಪ ದನಿ ತಗ್ಗಿಸಿದ.

"ಗುರುಬಸಣ್ಣಾರ, ಈ ಮಾತು ಚಿಗಟೇರಿಗೆ ಹೋತಂದ್ರ ನಾ ತಲಿ ಎತ್ತಿ ತಿರುಗಂಗಿಲ್ಲ. ಊರೆಲ್ಲ ತಪ್ಪು, ನಾನೊಬ್ನ ಸರಿ ಅಂದು ಬಂದೀನಿ. ಹೊರಗಿನವ್ರಿಗೆ ಗೊತ್ತಿದ್ದ ಗುಟ್ಟು ನಿಲ್ಲಂಗಿಲ್ಲ. ಮನಿಯವ್ರಾದ್ರ ಬ್ಯಾರೆ ಮಾತು."

ಗೀತಾಂಜಲಿಯ ಕಡೆ ನೋಡಿ ಮುಗಿಸಿದ. "ಅದಕ್ಕ, ನೀವು ಇನ್ನ ಹೊರಗಿನವ್ರಾಗಿ ಇರಾಕ ಬರಂಗಿಲ್ಲ. ನಮ್ಮ ಬೀಗರಾಗಲಿಕ್ಕ ಬೇಕು."

ಗುರುಬಸವರಾಜನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅಷ್ಟರಲ್ಲಿ ಪುಷ್ಪಲತಾ ಸಕ್ಕರೆ ಹಿಡಿದು ಓಡಿಬಂದಿದ್ದಳು, ಪ್ರವೀಣಕುಮಾರನಿಗೆ ಅನ್ನ ನೆತ್ತಿಗೇರಿತ್ತು, ಗೀತಾಂಜಲಿ ಅವನಿಗೆ ನೀರು ಕೊಡಲು ಹೋಗಿ ಎಲ್ಲರೂ ನೋಡುತ್ತಿದ್ದಾರೆಂದು ನಾಚಿ ಅಜ್ಜಿಯ ಹಿಂದೆ ನಿಂತಿದ್ದಳು. ಮೊದಲು ನಕ್ಕವಳು ನಾಗಲಿಂಗಮ್ಮ. ಯಾಕೆಂದು ತಿಳಿಯದಿದ್ದರೂ ಹೊಸ ಹಲ್ಲು ಪೂರ್ತಿ ಕಾಣುವಂತೆ ನಕ್ಕಳು. ಆಮೇಲೆ ಕ್ರೂಸರಿನ ಮಂದಿಯೆಲ್ಲ ನಕ್ಕರು. ದಾದಾಪೀರನ ಸುರಕುಂಬಾವನ್ನು ಎಲೆಎಲೆಗೂ ಬಟ್ಟಲಲ್ಲಿ ಬಡಿಸಿದರು. ಹೋಳಿಗೆಯ ಜೊತೆ ಅದು ಬಹಳ ಚೆನ್ನಾಗಿ ಹೋಗುತ್ತದೆಂದು ಉಜ್ಜಿನಪ್ಪ ತೀರ್ಪು ಕೊಟ್ಟ. ಮದುವೆಯ ದಿನವನ್ನು ಸ್ವಾಮಿಗಳು ಪಂಚಾಂಗ ನೋಡಿ ಇಡಲಿ, ತೆಳು ಹಾಳೆಯಾದರೂ ಪರವಾಗಿಲ್ಲ ಎಂದೂ ಹೇಳಿದ.

ಕೈತೊಳೆದು ಬಂದು, ಉಜ್ಜಿನಪ್ಪ ಕ್ಯಾಲೆಂಡರನ್ನು ಮತ್ತೆ ಸುರುಳಿ ಸುತ್ತತೊಡಗಿದ. ಎಸೆಯಲು ಮನಸ್ಸು ಬರಲಿಲ್ಲ. ಹಾಳೆಯ ದಪ್ಪವನ್ನು ಬೆರಳಲ್ಲಿ ಸವರಿ, ಬೀಗರನ್ನು ಕೇಳಿದ.

"ಅಲ್ರಿ, ಈ ಕ್ಯಾಲೆಂಡ್ರು ಮತ್ತ ಯಾವ ವರ್ಷಕ್ಕ ಕೂಡ್ತತಿ?"

ಗುರುಬಸವರಾಜನ ಕಣ್ಣು ಮುಚ್ಚಿಕೊಂಡವು. ತುಟಿ ಅಲ್ಲಾಡಿತು. ಎಡಗೈಯ ಹೆಬ್ಬೆರಳು ಮೊದಲ ಗೆರೆಗೆ ಹತ್ತುವಷ್ಟರಲ್ಲಿ ಪುಷ್ಪಲತಾ ಓಡಿಬಂದು ಆ ಅಂಗೈ ತುಂಬ ಎರಡು ಹೋಳಿಗೆ ಇಟ್ಟು, ಮೇಲೆ ತುಪ್ಪ ಸುರಿದಳು.